ಹುಕ್ಕೇರಿಯ ಗುಗ್ಗುಳ

ಅಥವಾ ಕೊಳವೆಗಳೇ ಅದಲುಬದಲಾಗಿದ್ದರೆ?

ಹಾಗೇ ಆಗಿರಲಿ ಎಂದು ವೃಷಭ ಬಯಸಿದ. ತಪ್ಪು ತನ್ನ ಕೈಯದೇ ಆಗಿರಲಿ. ಬೆರಳ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಕೊಳವೆಗಳು ಅವು. ಮುಚ್ಚಳದ ಮೇಲೆ ಬರೆದ ಊರಿನ ಹೆಸರು ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ. ಆದರೆ ಎರಡನೆಯ ಸಲ ಅವನು ಫ್ರೀಜರಿನಲ್ಲಿದ್ದ ಎಲೆಗಳಿಂದಲೇ ಮತ್ತೆ ಶುರು ಮಾಡಿದ್ದ. ಎಲೆ ಅರೆದು ಡಿಎನ್‌ಎ ತೆಗೆಯುವಾಗ, ಪ್ರತಿ ಕೊಳವೆ ಮುಟ್ಟುವಾಗಲೂ ಊರಿನ ಹೆಸರನ್ನು ಬಾಯಿಬಿಟ್ಟು ಹೇಳಿಕೊಂಡಿದ್ದ, ಹುಚ್ಚನ ಹಾಗೆ. ಈಗ ಆ ಕತ್ತಲೆ ಕೋಣೆಯಲ್ಲಿ, ನೇರಳೆ ಬೆಳಕಿನ ಪೆಟ್ಟಿಗೆಯ ಮೇಲೆ, ಜೆಲ್ಲಿನ ತೆಳು ಹಾಳೆ ಹೊಳೆಯುತ್ತಿತ್ತು. ಒಂದೊಂದು ಗಿಡಕ್ಕೆ ಒಂದೊಂದು ಸಾಲು. ಸಾಲಿನಲ್ಲಿ ಏಣಿಯ ಮೆಟ್ಟಿಲಿನಂಥ ಕಿತ್ತಳೆ ಗೆರೆಗಳು. ಮೂಡಲಗಿಯ ಸಾಲೂ ಗೋಕಾಕದ ಸಾಲೂ ಒಂದೇ. ಅದು ಸರಿ. ಅವುಗಳ ಪಕ್ಕದಲ್ಲಿ ಮಮದಾಪುರದ ಹೊಲದ ಬದುವಿನ ಗಿಡ. ಅದೂ ಅದೇ! ಹುಕ್ಕೇರಿಯದು ಮಾತ್ರ ಬೇರೆ. ಸ್ವಲ್ಪ ಬೇರೆಯಲ್ಲ, ಪೂರ್ತಿ ಬೇರೆ.

ಅದು ಬೇರೆಯಾಗಲು ಬರುವಂತಿರಲಿಲ್ಲ. ಹುಕ್ಕೇರಿಯ ಗಿಡವೇ ಉಳಿದವುಗಳ ತಾಯಿ ಎಂದು ಅವನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದ.

ಗುಗ್ಗುಳ ಚೆಂದದ ಗಿಡವಲ್ಲ. ಮುಳ್ಳು ಮುಳ್ಳಾದ ಡೊಂಕು ಟೊಂಗೆ, ಕಾಗದದಂತೆ ಸುಲಿಯುವ ತೊಗಟೆ. ಮಳೆಗಾಲ ಮುಗಿದರೆ ಎಲೆಯೇ ಇರುವುದಿಲ್ಲ. ತೊಗಟೆಗೆ ಗಾಯ ಮಾಡಿದರೆ ಒಸರುವ ಅಂಟು ಧೂಪಕ್ಕೂ ಬೇಕು, ಔಷಧಕ್ಕೂ ಬೇಕು. ಆ ಗಾಯದಿಂದಲೇ ಗಿಡ ಸಾಯುತ್ತದೆ. ಹಾಗೆ ಗುಡ್ಡದ ಗಿಡಗಳು ಹೋಗುತ್ತ ಬಂದವು. ವೃಷಭನ ಬಳಗದ ಜೈನ ಮನೆಗಳ ಹಿತ್ತಲಲ್ಲಿ ಮಾತ್ರ ಅವು ಉಳಿದಿದ್ದವು, ಏಕೆಂದರೆ ಅಲ್ಲಿ ಯಾರೂ ಅದಕ್ಕೆ ಕುಡುಗೋಲು ಮುಟ್ಟಿಸುತ್ತಿರಲಿಲ್ಲ. ತಾನಾಗಿ ಒಸರಿದ್ದನ್ನಷ್ಟೇ ಉಗುರಿನಿಂದ ಕಿತ್ತು ಧೂಪಕ್ಕೆ ಹಾಕುತ್ತಿದ್ದರು. ಕುಡುಗೋಲು ಬರುತ್ತಿದ್ದದ್ದು ಮಗಳ ಮದುವೆಯಲ್ಲಿ. ವೈಶಾಖದ ಬಿಸಿಲಲ್ಲಿ ಬೋಳಾಗಿ ನಿಂತ ಗಿಡದಿಂದ ಮೊಳದುದ್ದ ಟೊಂಗೆ ಕಡಿದು, ಹಸಿ ಅರಿವೆ ಸುತ್ತಿ ಮದುಮಗಳ ಕೈಗೆ ಕೊಡುತ್ತಿದ್ದರು. ಅವಳು ಅದನ್ನು ಗಂಡನ ಮನೆಯ ಹಿತ್ತಲಲ್ಲಿ ಊರಬೇಕು. ಮಳೆಗೆ ಅದು ಚಿಗುರಿದರೆ ಸೊಸೆ ಆ ಮನೆಯಲ್ಲಿ ನೆಲೆಯಾದಳು ಎಂದು ನಂಬಿಕೆ.

ವೃಷಭನ ತಂದೆಯ ತಾಯಿ, ಆಯಿ ಸುಂದರಾಬಾಯಿ, ಹುಕ್ಕೇರಿಯಿಂದ ಮೂಡಲಗಿಗೆ ಸೊಸೆಯಾಗಿ ಬಂದಾಗ ಹಾಗೊಂದು ಟೊಂಗೆ ತಂದಿದ್ದಳು. ಅವಳ ಮಗಳು ಶುಭಾಂಗಿ ಮೂಡಲಗಿಯ ಗಿಡದ ಟೊಂಗೆಯನ್ನು ಗೋಕಾಕಕ್ಕೆ ಒಯ್ದಿದ್ದಳು. ಧಾರವಾಡದಲ್ಲಿ ಸಂಶೋಧನೆಗೆ ವಿಷಯ ಹುಡುಕುವಾಗ ವೃಷಭನಿಗೆ ಹೊಳೆದದ್ದು ಇದೇ. ಹಿತ್ತಲ ಗಿಡಗಳ ನಂಟು ಮೊದಲೇ ಗೊತ್ತಿದೆ. ಅವುಗಳ ಪಕ್ಕದಲ್ಲಿ ಗೋಕಾಕ ಸುತ್ತಲಿನ ಗುಡ್ಡ, ಬದುಗಳ ಗಿಡಗಳನ್ನು ಇಟ್ಟು ನೋಡಿದರೆ, ಈ ಸೀಮೆಯ ಗುಗ್ಗುಳದಲ್ಲಿ ಇನ್ನೂ ಎಷ್ಟು ವೈವಿಧ್ಯ ಉಳಿದಿದೆ ಎಂದು ತಿಳಿಯುತ್ತದೆ.

ಅವನ ಮಾರ್ಗದರ್ಶಕರು ಹಾಳೆಯ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು.

"ಹುಕ್ಕೇರಿಯ ಈ ಸಾಲು ಇನ್ನೆಲ್ಲೂ ಇಲ್ಲವಲ್ಲ," ಎಂದರು. "ನಿಮ್ಮ ಮನೆಯ ಕಥೆ ಏನಿದೆಯೋ ಗೊತ್ತಿಲ್ಲ. ಆದರೆ ಇದು ಒಂದೇ ಗಿಡ. ಇದರ ಜೊತೆಯದು ನಮಗೆ ಎಲ್ಲಿಯೂ ಸಿಕ್ಕಿಲ್ಲ. ಈಗ ಬೋಳಾಗಿರುತ್ತದೆ, ಊರಲು ಒಳ್ಳೆಯ ಕಾಲ. ನಾಳೆಯೇ ಹೋಗಿ ಟೊಂಗೆ ತಗೊಂಡು ಬಾ."

ಹೊರಗೆ ಬಂದಾಗ ವೃಷಭನಿಗೆ ಸಂತೋಷವಾಗಬೇಕಿತ್ತು. ಆದರೆ ಹಿಂದಿನ ದೀಪಾವಳಿಯ ಒಂದು ಸಂಜೆ ಅವನ ಎದೆಯಲ್ಲಿ ಮುಳ್ಳಿನಂತೆ ಎದ್ದಿತು. ಅವತ್ತು ಅವನು ಹುಕ್ಕೇರಿಯಲ್ಲಿದ್ದ. ಆಯಿಯ ತಮ್ಮ ಆದಿನಾಥಜ್ಜ ಗಿಡದ ಕೆಳಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಸಂಜೆಯಾದ ಮೇಲೆ ನೀರನ್ನೂ ಮುಟ್ಟದ, ನಡೆಯುವಾಗ ಇರುವೆ ನೋಡಿ ಹೆಜ್ಜೆ ಇಡುವ ಮುದುಕ.

"ಏನ ಓದಾಕತ್ತಿಯೋ ನೀನು? ಗಿಡದ ಜಾತಕಾ ಬರೀತಿ ಅಂತ ಅಂತಾರ ಎಲ್ಲಾರೂ."

"ಹಂಗ ಅನ್ರಿ ಅಜ್ಜಾ. ಈ ಗಿಡ, ಆಯೀ ಗಿಡ, ಗೋಕಾಕದ್ದು, ಮೂರೂ ಒಂದ."

"ಅಂದ್ರ ತಾಯಿ-ಮಗಳು."

"ತಾಯಿ-ಮಗಳಲ್ರಿ. ಬೀಜದಿಂದ ಹುಟ್ಟಿದ್ರ ತಾಯಿ-ಮಗಳು. ಟೊಂಗಿಯಿಂದ ಬಂದದ್ದು ಅದ ಗಿಡಾನ. ಒಂದ ಗಿಡ ಮೂರ ಊರಾಗ ನಿಂತೈತಿ."

ಅಜ್ಜ ತಲೆಯೆತ್ತಿ ಟೊಂಗೆಗಳನ್ನು ನೋಡಿದ್ದರು. ಆಮೇಲೆ ಮೆಲ್ಲಗೆ ಕೇಳಿದ್ದರು: "ಹಂಗಾರ ಇಲ್ಲಿದು ಹೋದರೂ ಅದರ ಜೀವಾ ಹೋಗಂಗಿಲ್ಲ?"

"ಎಲ್ಲಿ ಹೋಗತೈತ್ರಿ? ಮೂಡಲಗ್ಯಾಗ ಇರತೈತಿ."

ಆ ಪ್ರಶ್ನೆಯ ಹಿಂದೆ ಏನಿತ್ತು ಎಂದು ಅವನು ಅವತ್ತು ಯೋಚಿಸಲಿಲ್ಲ. ವಯಸ್ಸಾದವರು ಸಾವಿನ ಬಗ್ಗೆ ಕೇಳುತ್ತಾರೆ, ಅಷ್ಟೇ ಅಂದುಕೊಂಡಿದ್ದ.

ಮೊದಲು ಅವನು ಮಮದಾಪುರಕ್ಕೆ ಹೋದ. ಹುಕ್ಕೇರಿಯಲ್ಲಿ ಏನಾದರೂ ಹೇಳುವ ಮೊದಲು ಬದುವಿನ ಗಿಡವನ್ನು ಕಣ್ಣಾರೆ ಇನ್ನೊಮ್ಮೆ ನೋಡಬೇಕಿತ್ತು. ಹೊಲದ ಒಡೆಯ ಬೀರಸಿದ್ದಪ್ಪ ಕಬ್ಬಿಗೆ ನೀರು ತಿರುಗಿಸುತ್ತಿದ್ದ. ಅವನ ಹೆಂಡತಿ ಗೌರಕ್ಕ ಮೇವಿನ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ಮತ್ತ ಎಲಿ ಹರಿಯಾಕ ಬಂದ್ಯಾ ತಮ್ಮಾ? ಈಗ ಒಂದರ ಎಲಿ ತೋರ್ಸು, ನಿನಗ ಹೋಳಿಗಿ ಮಾಡಿ ಹಾಕ್ತೇನಿ."

"ಎಲಿ ಬ್ಯಾಡ್ರಿ. ಈ ಗಿಡಾ ಯಾರ ಹಚ್ಚಿದ್ದು ಅಂತ ಕೇಳಾಕ ಬಂದೇನಿ."

"ಯಾರೂ ಹಚ್ಚಿದ್ದಲ್ಲ, ತಾನ ಐತಿ," ಎಂದು ಬೀರಸಿದ್ದಪ್ಪ ನೀರಿನೊಳಗಿಂದಲೇ ಕೂಗಿದ. "ನಮ್ಮ ಮುತ್ಯಾನಕಿಂತ ಹಳೇದು. ಅಕಿನ್ನ ಕೇಳ್ರಿ, ಅಕಿ ದಿನಾ ಅದರ ಜೋಡಿ ಮಾತಾಡತಾಳ. ನನ್ನ ಜೋಡಿ ಆಡಂಗಿಲ್ಲ."

"ನಿನ್ನ ಜೋಡಿ ಆಡಿದ್ರ ನೀ ತಿರುಗಿ ಮಾತಾಡತಿ. ಅದು ಸುಮ್ನ ಕೇಳತೈತಿ," ಎಂದಳು ಗೌರಕ್ಕ.

ಗಿಡದ ಬುಡದಲ್ಲಿ ಒಣಕೊಬ್ಬರಿಯ ಬಟ್ಟಲೊಂದು ಇತ್ತು, ಕೆಲವು ಅಕ್ಕಿಕಾಳು. ಅದು ಯಾಕೆ ಎಂದು ವೃಷಭ ಕೇಳಿದ.

"ಅದು ನಮ್ಮತ್ತಿ ಹಾಕಿದ ಪದ್ಧತಿ," ಎಂದಳು ಅವಳು. "ಅಕಿ ಹೊಸದಾಗಿ ಈ ಮನಿಗೆ ಬಂದಾಗಿನ ಮಾತು. ಅಡ್ಡಮಳಿ ಬಿದ್ದು ದಾರಿ ಎಲ್ಲಾ ರಾಡಿ. ಮದಿವಿ ಗಾಡಿ ಒಂದು ಸುತ್ತ ಹಾಕ್ಕೊಂಡು ಈ ಬದುವಿನ ಬಾಜೂ ಬಂತಂತ. ಹುಕ್ಕೇರಿ ಕಡೀದು, ಜೈನರ ಹುಡುಗಿ. ಹಳ್ಳ ದಾಟುವಾಗ ಗಾಡಿ ಡೊಂಕಾಗಿ ಅಕಿ ತೌರಿನ ಟೊಂಗಿ ನೀರಿಗೆ ಬಿದ್ದು ಹರಕೊಂಡು ಹೋಗಿತ್ತಂತ. ಬರಿಗೈಲೆ ಅತ್ತೀ ಮನಿ ಹೊಸ್ತಿಲಾ ಹ್ಯಾಂಗ ದಾಟ್ಲಿ ಅಂತ ಒಂದ ಸವನ ಅಳತಿದ್ದಳಂತ. ಈ ಗಿಡಾ ಕಂಡದ್ದ ತಡ, ಕೆಳಗ ಜಿಗಿದು ಒಂದು ಟೊಂಗಿ ಮುರಕೊಂಡಳು."

"ನಿಮ್ಮತ್ತಿ ಬ್ಯಾಡ ಅನ್ನಲಿಲ್ಲಾ?"

"ಅಂತಿದ್ದಳೋ ಏನೋ. ಆದರ ಆ ಹುಡುಗಿ ಏನ ಮಾಡಿದಳು ಗೊತ್ತೈತಿ? ಕೇಳದ ತಗೊಂಡದ್ದು ಪಾಪ ಅಂತ ತನ್ನ ಉಡ್ಯಾಗಿನ ಅಕ್ಕಿ, ಕೊಬ್ಬರಿ, ಎಲ್ಲಾ ಗಿಡದ ಬುಡಕ್ಕ ಸುರುವಿ ಕೈ ಮುಗಿದಳಂತ. ತೌರಮನ್ಯಾಗ ತುಂಬಿದ ಉಡಿ ಯಾರರ ದಾರ್ಯಾಗ ಸುರೀತಾರೇನೋ ತಮ್ಮಾ? ನಮ್ಮತ್ತಿ ಕಣ್ಣಾಗ ನೀರು ಬಂತಂತ. ಅವತ್ತಿನಿಂದ ನಾವೂ ವರ್ಷಕ್ಕೊಮ್ಮೆ ಕೊಬ್ಬರಿ ಇಡತೇವಿ. ಅಕಿ ಎಲ್ಲಿದಾಳೋ, ಇದಾಳೋ ಇಲ್ಲೋ."

ಆ ಹುಡುಗಿ ತನ್ನ ಆಯಿಯೇ ಎಂದು ವೃಷಭನಿಗೆ ಹೊಳೆಯಿತು. ಅವನು ಕೈ ಚಾಚಿ ಗಿಡವನ್ನು ಮುಟ್ಟಿದ. ಮೂಡಲಗಿಯ ಹಿತ್ತಲಲ್ಲಿ, ಮಗುವಾಗಿದ್ದಾಗ, ಆಯಿಯ ಬೆನ್ನ ಮೇಲಿಂದ ಮುಟ್ಟಿದ್ದ ಅದೇ ಸುಲಿಯುವ ತೊಗಟೆ. ಹಾಗಾದರೆ ಕೊಳವೆಗಳು ಅದಲುಬದಲಾಗಿರಲಿಲ್ಲ. ಆಯಿ ತನ್ನ ಗಂಡನಿಗೂ ಮಕ್ಕಳಿಗೂ ಮೊಮ್ಮಗನಿಗೂ ಹೇಳದೆ ಇಟ್ಟುಕೊಂಡಿದ್ದು ಹಾಳೆಯ ಮೇಲೆ ಕಿತ್ತಳೆ ಗೆರೆಗಳಾಗಿ ಎದ್ದು ಬಂದಿತ್ತು. ಯಾರದೋ ಮುಚ್ಚಿದ ಬಾಗಿಲನ್ನು ಕೇಳದೆ ತೆರೆದಂತೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಭಯ ಬಂದಿತು. ಹುಕ್ಕೇರಿಯದು ನಿಜವಾಗಿಯೂ ಒಂದೇ ಒಂದು ಗಿಡ.

ಹುಕ್ಕೇರಿಯ ಮನೆಯ ಬೀದಿಗೆ ತಿರುಗಿದಾಗ ಮೊದಲು ಕಂಡದ್ದು ಆಕಾಶ. ಹಿತ್ತಲ ಗೋಡೆಯ ಮೇಲೆ ಯಾವಾಗಲೂ ಇಣುಕುತ್ತಿದ್ದ ಮುಳ್ಳುಟೊಂಗೆಗಳ ಜಾಗದಲ್ಲಿ ಬರೀ ಬಿಳಿ ಆಕಾಶವಿತ್ತು. ಅವನು ದಾರಿ ತಪ್ಪಿದೆ ಎಂದುಕೊಂಡ. ನಿಂತು ಪಕ್ಕದ ಮನೆಗಳನ್ನು ನೋಡಿದ. ದಾರಿ ತಪ್ಪಿರಲಿಲ್ಲ.

ಹಿತ್ತಲಲ್ಲಿ ಕಾಂಕ್ರೀಟಿನ ಅಡಿಪಾಯ. ಇನ್ನೂ ಗೋಣಿತಟ್ಟು ಹಾಸಿ ನೀರು ಹೊಡೆಯುತ್ತಿದ್ದರು. ಆದಿನಾಥಜ್ಜನ ಮೊಮ್ಮಗ ಪ್ರತೀಕ ಪೈಪು ಕೆಳಗಿಟ್ಟು ಓಡಿ ಬಂದು ವೃಷಭನ ಹೆಗಲು ಹಿಡಿದ.

"ಬಾರೋ ಸೈಂಟಿಸ್ಟಾ! ನಿನ್ನ ಕಾಲಾಗ ನಾ ಬೀಳಬೇಕು. ನಾ ಐದ ವರ್ಷ ಬಡಕೊಂಡ್ರೂ ಆಗಲಿಲ್ಲ, ನಿನ್ನ ಒಂದ ಮಾತಿಗೆ ಆತು."

"ಗಿಡ ಎಲ್ಲಿ?"

"ಅದ ಹೇಳಾಕತ್ತೇನಲ್ಲೋ. ಅಡ್ಡ ಇದ್ದದ್ದು ಅದೊಂದ. ಹೊಸಾ ಖೋಲಿ ಕಟ್ಟೂನು ಅಂದ್ರ ಅಜ್ಜ 'ಏಕೇಂದ್ರಿಯ ಆದರೂ ಜೀವಾನ' ಅಂತ ಕುಂತಬಿಡತಿದ್ದ. ದೀಪಾವಳಿ ಆದ ಮ್ಯಾಲ ತಾನ ಕರದು, ತಗೀಪಾ, ಅದರ ಜೀವಾ ಮೂಡಲಗ್ಯಾಗ ಐತಂತ ಅಂದ. ಯುಗಾದಿ ಪಾಡ್ಯಾ ಮುಗದ ಮ್ಯಾಲ ಟ್ರ್ಯಾಕ್ಟರಿಗೆ ಸರಪಳಿ ಹಚ್ಚಿ ಎಳದ್ವಿ. ಬೇರಿನ ಸಹಿತ ಬಂತು ನೋಡು."

ವೃಷಭನ ಕಿವಿಯಲ್ಲಿ ಒಂದು ಸದ್ದಷ್ಟೇ ಉಳಿಯಿತು, ಪೈಪಿನಿಂದ ಸುಮ್ಮನೆ ಹರಿದುಹೋಗುತ್ತಿದ್ದ ನೀರಿನದು. ಅವನು ತಟ್ಟಿನ ಮೇಲೆ ಕುಳಿತುಬಿಟ್ಟ. ಪ್ರತೀಕ ಬಿಸಿಲು ತಾಗಿತೆಂದು ತಿಳಿದು ಚೊಂಬಿನಲ್ಲಿ ನೀರು ತಂದ.

ಅಜ್ಜ ಪಡಸಾಲೆಯಿಂದ ಗೋಡೆ ಹಿಡಿದುಕೊಂಡು ಬಂದರು. ಮುಖದಲ್ಲಿ ಎಂದೂ ಇಲ್ಲದ ಹಗುರತನ.

"ನಾ ಖರೆ ಹೇಳಲೇನು ವೃಷಭಾ, ನೀ ಹೇಳದಿದ್ರ ನಾ ಮಾಡತಿದ್ದಿಲ್ಲ. ಕಡ್ಯಾಕ ಕೊಡಲಿಲ್ಲ, ಕೊಡ್ಲಿ ಮುಟ್ಟಿಸಲಿಲ್ಲ. ಸುಡಾಕೂ ಕೊಡಲಿಲ್ಲ, ಒಳಗ ಹುಳಾ ಹುಪ್ಪಡಿ ಇರತಾವು. ಧುಪದಾಳದ ಒಡ್ಡಿನ ಹಂತೇಲಿ ಹೊಳಿಗೆ ಬಿಡ್ಸಿದೆ."

"ಒಂದ ಟೊಂಗಿನೂ ಇಟ್ಟಿಲ್ರೇನು? ನಿಮ್ಮ ಮೊಮ್ಮಗಳು ಭಕ್ತಿ ಒಯ್ದಿದ್ಲಲ್ಲ ಮದಿವ್ಯಾಗ?"

"ಭಕ್ತಿಗೆ ಪುಣ್ಯಾ ಶಹರದಾಗ ನಾಕನೇ ಮಾಳಗಿ ಮ್ಯಾಲ ಮನಿ. ಎಲ್ಲಿ ಹಚ್ಚತಾಳ, ಕುಂಡ್ಯಾಗ? ಬ್ಯಾಡ ಅಂದ್ಲು." ಅಜ್ಜ ಅವನ ಪಕ್ಕದಲ್ಲಿ ಕುಳಿತು, ಅವನ ಮೊಣಕಾಲ ಮೇಲೆ ಕೈ ಇಟ್ಟರು. ಒಣಗಿದ, ತೂಕವಿಲ್ಲದ ಕೈ. "ಟೊಂಗಿಗೆ ಏನ ಕಮ್ಮಿ? ಅಕ್ಕಗ ಫೋನ್ ಮಾಡೇನಿ. ಬರೂ ಐತವಾರ ತರತಾಳ. ಅವತ್ತ ಅಕಿ ಗಾಡಿ ಹತ್ತುವಾಗ ಆ ಟೊಂಗಿಗೆ ಹಸಿ ಅರಿವಿ ಸುತ್ತಿ ಕೊಟ್ಟಾಂವ ನಾನ. ಇಷ್ಟ ಎತ್ತರ ಇದ್ದೆ. ಗಂಟ ಹಾಕಾಕ ಬರತಿದ್ದಿಲ್ಲ, ನಮ್ಮವ್ವ ನಕ್ಕಿದ್ಲು." ಆಮೇಲೆ ದನಿ ಇಳಿಸಿ ಕೇಳಿದರು: "ಅದ ಗಿಡಾನ ಹೌದಲ್ಲೋ? ನೀ ಓದಿದಾಂವ. ಮಶಿನ್ಯಾಗ ನೋಡ್ತೇನಿ ಅಂದಿದ್ದಿ. ನೋಡಿದ್ಯಾ?"

ಆ ಹಳೆಯ ಗಂಟು ಹಳ್ಳದ ನೀರಿನಲ್ಲಿ ಬಿಚ್ಚಿಹೋದದ್ದು ವೃಷಭನ ಕಣ್ಣಮುಂದೆ ಬಂತು. ನೋಡಿದ್ದೇನೆ ಎಂದು ಅವನು ತಲೆಯಾಡಿಸಿದ. ಅದೇ ಗಿಡ ಹೌದು ಎಂದು ಅಜ್ಜ ತಿಳಿದುಕೊಂಡರು.

ಅವತ್ತೇ ಅವನು ಧುಪದಾಳಕ್ಕೆ ಹೋದ. ಬೇಸಿಗೆಯ ಹೊಳೆ ಒಡ್ಡಿನ ಹಿಂದೆ ಮಿಸುಕದೆ ನಿಂತಿತ್ತು. ಅಂಚಿನ ರಾಡಿಯಲ್ಲಿ ಬಾಳೆಯ ದಿಂಡು, ಹಳೆಯ ಹಾರಗಳು, ಕಬ್ಬಿನ ರವದಿ, ಬೇಲಿಯ ಮುಳ್ಳು. ಪ್ಯಾಂಟು ಮಡಚಿ ಇಳಿದು ಒಂದೊಂದು ಕಟ್ಟಿಗೆಯನ್ನೂ ಎತ್ತಿ ಉಗುರಿನಿಂದ ತೊಗಟೆ ಕೆರೆದು ಮೂಸಿದ. ಗುಗ್ಗುಳದ ಹಸಿರು ಒಳಪದರ ಎಲ್ಲಾದರೂ ಕಂಡರೆ ಸಾಕಿತ್ತು. ಗೇಣುದ್ದ ಸಿಕ್ಕರೂ ಸಾಕಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಏನ ಕಳಕೊಂಡೀರಿ ಅಣ್ಣಾರ, ಉಂಗುರಾ?" ಎಂದು ಕೇಳಿದಳು. ಅವನು ಮತ್ತೊಂದು ಕಟ್ಟಿಗೆ ಎತ್ತಿದ. ಜಾಲಿ ಸಿಕ್ಕಿತು, ಬೇವು ಸಿಕ್ಕಿತು. ಮತ್ತೇನೂ ಸಿಗಲಿಲ್ಲ.

ಭಾನುವಾರ ಮೂಡಲಗಿಯಲ್ಲಿ ಆಯಿ ಎಲ್ಲರಿಗಿಂತ ಮೊದಲೇ ತಯಾರಾಗಿದ್ದಳು. ಹಿತ್ತಲ ಗಿಡಕ್ಕೆ ಕೈಮುಗಿದು ತಾನೇ ಟೊಂಗೆ ಕಡಿದು, ಹಸಿ ಅರಿವೆ ಸುತ್ತಿ, ಮಗುವನ್ನು ಹಿಡಿದಂತೆ ಎದೆಗೆ ಒರಗಿಸಿಕೊಂಡು ಜೀಪಿನಲ್ಲಿ ಕುಳಿತಳು. ತಮ್ಮ ಟೊಂಗೆ ಕೇಳಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ತವರಿನ ಗಿಡ ಹೋಗಿದೆ ಎಂದು ಯಾರೂ ಹೇಳಿರಲಿಲ್ಲ. ವೃಷಭ ಮೂರು ದಿನ ಅವಳ ಮುಂದೆ ಬಾಯಿ ತೆರೆದು ಮುಚ್ಚಿದ್ದ.

ಗೋಕಾಕ ಹತ್ತಿರ ಬಂದಾಗ ಅವಳು ಡ್ರೈವರ್ ಕೇದಾರಿಯ ಬೆನ್ನು ತಟ್ಟಿದಳು.

"ಮಮದಾಪುರದ ಮ್ಯಾಲ ಹಾಯ್ದು ಹೋಗಪಾ."

"ಅಲ್ರೀ ಆಯೀ, ಅದು ಸುತ್ತ ಆಕ್ಕೈತಿ. ಡೀಸೆಲ್ ನಿಮ್ಮ ತಮ್ಮ ಹಾಕಸ್ತಾರೇನು?"

"ನಿನ್ನ ಜೀಪಿನಾಗ ನನ್ನ ಎಲುಬು ಪುಡಿ ಆಗ್ಯಾವು, ಅದರ ರೊಕ್ಕಾ ನೀ ಕೊಡತಿಯೇನು? ನಡಿ ಸುಮ್ಮನ."

ಆ ಬದುವಿನ ಹತ್ತಿರ ಅವಳೇ ನಿಲ್ಲಿಸಿದಳು. ಹೊಲದಲ್ಲಿ ಯಾರೂ ಇರಲಿಲ್ಲ. ಟೊಂಗೆಯನ್ನು ವೃಷಭನ ಕೈಗೆ ಕೊಟ್ಟು, ಚೀಲದಿಂದ ಏನನ್ನೋ ಸೆರಗಿಗೆ ಹಾಕಿಕೊಂಡು ಒಬ್ಬಳೇ ನಡೆದಳು. ಗಿಡದ ಬುಡದಲ್ಲಿ ಬಗ್ಗಿ ಸೆರಗು ಕೊಡವಿದಳು. ಅಂಗೈಯನ್ನು ತೊಗಟೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತಳು. ತಿರುಗಿ ಬಂದು ಟೊಂಗೆಯನ್ನು ಮತ್ತೆ ತೆಗೆದುಕೊಂಡು, "ಕಾಲ ಜೋಮ ಹಿಡದಿತ್ತು," ಎಂದಳು.

"ಹೂಂ," ಎಂದ ವೃಷಭ.

ಹುಕ್ಕೇರಿಯಲ್ಲಿ ಜೀಪು ಇಳಿದು ಅವಳು ನೇರ ಹಿತ್ತಲಿಗೆ ಹೋದಳು, ಗಿಡವನ್ನು ಮಾತಾಡಿಸಲು. ಹೊಸ ಗೋಡೆಗಳು ಎದೆಮಟ್ಟ ಎದ್ದಿದ್ದವು. ಅವಳು ಗೋಡೆಯ ಆಚೆ ನೋಡಿದಳು, ಈಚೆ ನೋಡಿದಳು. ಮನೆ ಮರೆತುಹೋದವಳಂತೆ ಹಿಂದಕ್ಕೆ ತಿರುಗಿ ಬಾಗಿಲನ್ನೂ ನೋಡಿದಳು.

"ಆದೀ, ಗಿಡ ಎಲ್ಲೈತೋ?"

"ನಿನ್ನ ಕೈಯಾಗ ಐತಲ್ಲ ಅಕ್ಕಾ," ಎಂದು ಅಜ್ಜ ಮಗುವಿನಂತೆ ನಕ್ಕರು. "ಇಲ್ಲಿದು ತಗಿಸಿದ್ವಿ. ಎರಡೂ ಒಂದ ಅಂತ ನಿನ್ನ ಮೊಮ್ಮಗ ಹೇಳ್ಯಾನ. ಮಶಿನ್ಯಾಗ ನೋಡ್ಯಾನಂತ. ನೀ ಒಯ್ದದ್ದನ್ನ ನೀನ ತಿರುಗಿ ತಂದಿ."

ಸುಂದರಾಬಾಯಿ ಟೊಂಗೆಯನ್ನು ಎದೆಯಿಂದ ದೂರ ಹಿಡಿದಳು. ತವರಿನ ಗಿಡ ಮೂಡಲಗಿಯಲ್ಲಿಲ್ಲ ಎಂದು ತಿಳಿದಿದ್ದವಳು ಅಷ್ಟು ವರ್ಷ ಅವಳೊಬ್ಬಳೇ. ಅವಳು ಕೈಯಲ್ಲಿದ್ದ ಟೊಂಗೆಯನ್ನು ಯಾರೋ ಅಪರಿಚಿತರು ಕೊಟ್ಟುಹೋದ ವಸ್ತುವಿನಂತೆ ನೋಡಿದಳು. ನಂತರ ವೃಷಭನನ್ನು. ಮಶಿನ್ಯಾಗ ಏನ ಕಂಡಿಯೋ ಎಂದು ಆ ಕಣ್ಣುಗಳು ಕೇಳುತ್ತಿದ್ದವು. ಅವನು ನೆಲ ನೋಡಿದ. ಅಷ್ಟರಿಂದಲೇ ಅವಳಿಗೆ ತಿಳಿಯಿತೆಂದು ಅವನಿಗೂ ತಿಳಿಯಿತು.

ಅವಳ ತುಟಿ ತೆರೆಯಿತು. "ಆದೀ," ಎಂದಳು.

ಅಜ್ಜ ಆಗಲೇ ಅವಳ ಕೈಯಿಂದ ಟೊಂಗೆ ತೆಗೆದುಕೊಂಡು ಗೋಡೆಯ ಪಕ್ಕದ ಮಣ್ಣಿನಲ್ಲಿ ಮಂಡಿಯೂರಿದ್ದರು. ಒಣಗಿದ ಬೆರಳುಗಳಿಂದ ಅರಿವೆಯ ಗಂಟು ಬಿಚ್ಚುತ್ತಿದ್ದರು. "ಏನಕ್ಕಾ?"

ಅವಳು ಆ ಬೆರಳುಗಳನ್ನು ನೋಡಿದಳು.

"ಆಳ ಹಚ್ಚು," ಎಂದಳು. "ಗಾಳಿಗೆ ಬೀಳಬಾರದು."

ಮಳೆಗೆ ಅದು ಚಿಗುರಿತು. ನಮ್ಮ ಗಿಡ ತಿರುಗಿ ಬಂತು ಎಂದು ಅಜ್ಜ ಧಾರವಾಡಕ್ಕೆ ಫೋನ್ ಮಾಡಿ ಹೇಳಿದರು. ನಾಳೆಯಿಂದ ಒಂದೇ ಹೊತ್ತಿನ ಊಟದ ವ್ರತ, ಮನಸ್ಸು ನಿರಾಳ ಐತಿ ಎಂದರು. ವೃಷಭನ ಪ್ರಬಂಧದಲ್ಲಿ ಹುಕ್ಕೇರಿಯ ಸಾಲು ಇದೆ, ಆ ಗಿಡ ಈಗಿಲ್ಲ ಎಂಬ ಮಾತೂ ಇದೆ. ಅದು ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಯಾರೂ ಓದುವುದಿಲ್ಲ. ಫ್ರೀಜರಿನ ಒಂದು ಕೊಳವೆಯಲ್ಲಿ ಅದರ ಡಿಎನ್‌ಎಯ ಒಂದು ಹನಿ ಉಳಿದಿದೆ. ಹನಿಯನ್ನು ನೆಲದಲ್ಲಿ ಊರಲು ಬರುವುದಿಲ್ಲ.

ಆಯಿ ಒಮ್ಮೆ ಮಾತ್ರ ಕೇಳಿದಳು, ಅವಳು ಧೂಪಕ್ಕೆ ಕೆಂಡ ಊದುತ್ತಿದ್ದಾಗ: "ನಿಮ್ಮ ಮಶಿನ್ ಎಲ್ಲಾನೂ ಹೇಳತೈತೇನೋ?"

"ಕೆಲವೊಂದು ಹೇಳಂಗಿಲ್ಲ ಆಯೀ."

ಆದಿನಾಥಜ್ಜ ಆಮೇಲೆ ಏಳು ವರ್ಷ ಬದುಕಿದರು. ಹೊಳೆಗೆ ಬಿಟ್ಟ ಗಿಡದ ಜೀವ ಬೇರೆ ಎಲ್ಲಿಯೂ ಇರಲಿಲ್ಲ ಎಂದು ವೃಷಭ ಅವರಿಗೆ ಹೇಳಲೇ ಇಲ್ಲ.